ಇದನ್ನು ಬರೆದ ಕೈ ಯಾರದು? ಯುರೋಪಿನ ರಾಣಿಯರ ಬದುಕು ನಮಗೆ ತಿಳಿಯುವ ಬಗೆ

ಒಟಿಟಿಯಲ್ಲಿ ಯುರೋಪಿನ ರಾಣಿಯರ ಕಥೆಗಳಿಗೆ ಬರವಿಲ್ಲ. ಕಿರೀಟ, ಒಳಸಂಚು, ಬಚ್ಚಿಟ್ಟ ಪತ್ರ, ಕೊನೆಗೆ ಕೊಡಲಿ. ಎರಡು ಕಂತು ಮುಗಿಯುವಷ್ಟರಲ್ಲಿ ನೋಡುತ್ತಿದ್ದವರ ಕೈ ಮೊಬೈಲಿಗೆ ಹೋಗುತ್ತದೆ: ಈಕೆ ನಿಜವಾಗಿ ಹೀಗಂದಿದ್ದಳೇ? ಆ ಪತ್ರ ಎಲ್ಲಾದರೂ ಇದೆಯೇ? ಹುಡುಕಿದರೆ ಹತ್ತು ಜಾಲತಾಣ, ಹನ್ನೊಂದು ಉತ್ತರ.

ಹಾಗಾದರೆ ಇತಿಹಾಸಕಾರರಿಗಾದರೂ ಗೊತ್ತಾಗುವುದು ಹೇಗೆ? ಐನೂರು, ಸಾವಿರ ವರ್ಷದ ಹಿಂದೆ ಬಾಳಿದ ಹೆಣ್ಣೊಬ್ಬಳು ಎಲ್ಲಿ ಓಡಾಡಿದಳು, ಯಾರನ್ನು ನಂಬಿದಳು, ಯಾರಿಗೆ ಹೆದರಿದಳು ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ? ಆಧಾರ ಕಾಗದವಾಗಿರಲಿ, ಚರ್ಮದ ಹಾಳೆಯಾಗಿರಲಿ, ಅದನ್ನು ಕೈಗೆತ್ತಿಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದನ್ನು ಬರೆದ ಕೈ ಯಾರದು? ರಾಣಿಯರ ವಿಷಯದಲ್ಲಂತೂ ಈ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಪರೂಪ.

ಮೂವರು ಹೆನ್ರಿಗಳ ನಡುವೆ ಒಬ್ಬಳು

ಮಟಿಲ್ಡಾ ಎಂಬ ರಾಣಿಯನ್ನು ನೋಡಿ. ಹುಟ್ಟಿದ್ದು 1102ರಲ್ಲಿ, ತೀರಿಕೊಂಡದ್ದು 1167ರಲ್ಲಿ. ಸಮಾಧಿ ಈಗ ಫ್ರಾನ್ಸಿನ ರೂಆನ್ ಕೆಥೆಡ್ರಲ್‌ನಲ್ಲಿದೆ. ಅವಳ ಸಮಾಧಿಬರಹದ ಸಾರಾಂಶ ಇದು: ಹುಟ್ಟಿನಿಂದ ದೊಡ್ಡವಳು, ಮದುವೆಯಿಂದ ಇನ್ನೂ ದೊಡ್ಡವಳು, ಹೆತ್ತ ಮಗನಿಂದ ಎಲ್ಲಕ್ಕಿಂತ ದೊಡ್ಡವಳು, ಇಲ್ಲಿರುವವಳು ಹೆನ್ರಿಯ ಮಗಳು, ಹೆನ್ರಿಯ ಹೆಂಡತಿ, ಹೆನ್ರಿಯ ತಾಯಿ.

ಅಪ್ಪ ಇಂಗ್ಲೆಂಡಿನ ಒಂದನೇ ಹೆನ್ರಿ, ಮೊದಲ ಗಂಡ ಜರ್ಮನ್ ಚಕ್ರವರ್ತಿ ಐದನೇ ಹೈನ್ರಿಖ್, ಮಗ ಇಂಗ್ಲೆಂಡಿನ ಎರಡನೇ ಹೆನ್ರಿ. ಬರಹದಲ್ಲಿ ಸುಳ್ಳೇನೂ ಇಲ್ಲ. ಆದರೆ ಅಪ್ಪ 1135ರಲ್ಲಿ ತೀರಿಕೊಂಡಾಗ ಸಿಂಹಾಸನ ಹಿಡಿದ ಸೋದರಸಂಬಂಧಿ ಸ್ಟೀಫನ್ ಮೇಲೆ ಈಕೆ ವರ್ಷಗಟ್ಟಲೆ ಯುದ್ಧ ಹೂಡಿದ್ದು, 1141ರಲ್ಲಿ ಅವನು ಇವಳ ಕಡೆಯವರ ಕೈಗೆ ಸೆರೆ ಸಿಕ್ಕಿದ್ದು, ಮುಂದಿನ ವರ್ಷದ ಚಳಿಗಾಲದಲ್ಲಿ ಮುತ್ತಿಗೆಗೆ ಸಿಕ್ಕ ಆಕ್ಸ್‌ಫರ್ಡ್ ಕೋಟೆಯಿಂದ ಹಿಮದ ನಡುವೆ ನಡೆದು ತಪ್ಪಿಸಿಕೊಂಡದ್ದು, ಇದ್ಯಾವುದೂ ಆ ಸಾಲುಗಳಲ್ಲಿಲ್ಲ.

ಯುದ್ಧದ ವಿವರ ನಮಗೆ ಸಿಗುವುದು ಬಹುಮಟ್ಟಿಗೆ ಕ್ರಾನಿಕಲ್‌ಗಳಿಂದ. ಅಂದರೆ ಪಾದ್ರಿಗಳೋ ಮಠವಾಸಿಗಳೋ ಆಯಾ ಕಾಲದ ಸಂಗತಿಗಳನ್ನು ದಾಖಲಿಸಿಟ್ಟ ವೃತ್ತಾಂತಗಳು. ಅವುಗಳಲ್ಲಿ ಒಂದು ಸ್ಟೀಫನ್ನನ ಪಕ್ಷದವರು ಬರೆದದ್ದು. ಅದರ ಪ್ರಕಾರ ಮಟಿಲ್ಡಾ ಮಹಾ ಜಂಭಗಾತಿ, ದೊಡ್ಡವರು ಮಂಡಿಯೂರಿ ನಿಂತರೂ ಎದ್ದು ಗೌರವ ಕೊಡದವಳು. ಸಿಂಹಾಸನದ ಮೇಲೆ ಕೂತ ಗಂಡಸು ಹೀಗೆ ಮಾಡಿದ್ದರೆ ಅದೇ ಲೇಖಕ ಏನೆಂದು ಬರೆಯುತ್ತಿದ್ದ ಎಂದು ಓದುವವರಿಗೆ ಅನ್ನಿಸದೆ ಇರದು.

ಹಾಗಾಗಿ ಸಂಶೋಧಕರು ಕ್ರಾನಿಕಲ್ ಪಕ್ಕದಲ್ಲಿ ಚಾರ್ಟರ್‌ಗಳನ್ನು ಇಟ್ಟುಕೊಳ್ಳುತ್ತಾರೆ. ಚಾರ್ಟರ್ ಅಂದರೆ ದಾನಪತ್ರ, ಹಕ್ಕುಪತ್ರ: ಇಂಥ ಮಠಕ್ಕೆ ಇಂಥ ಹಳ್ಳಿ ಕೊಟ್ಟಿದ್ದೇನೆ ಎಂಬ ಒಣ ಕಾಗದ. ಓದಲು ಬೇಸರ. ಆದರೆ ಅದರ ಕೊನೆಯಲ್ಲಿ ಸಾಕ್ಷಿಗಳ ಹೆಸರು, ಪತ್ರವಾದ ಊರು ಇರುತ್ತದೆ. ಇಂಥವನ್ನು ಹತ್ತಾರು ಜೋಡಿಸಿದರೆ ರಾಣಿ ಎಲ್ಲೆಲ್ಲಿದ್ದಳು, ಅವಳ ಜೊತೆ ನಿಂತವರು ಯಾರು, ಯಾವಾಗ ಯಾರು ಪಕ್ಷ ಬಿಟ್ಟರು ಎಂಬುದೆಲ್ಲ ಹೊರಬೀಳುತ್ತದೆ. ತನ್ನನ್ನು ಏನೆಂದು ಕರೆದುಕೊಂಡಳು ಎಂಬುದೂ ಅಲ್ಲೇ ಇದೆ: ‘ಇಂಗ್ಲಿಷರ ಒಡತಿ’. ಕಿರೀಟಧಾರಣೆ ಆಗಿರಲಿಲ್ಲವಲ್ಲ, ಅದಕ್ಕೆ ತಕ್ಕ ಬಿರುದು.

ಗುಪ್ತಲಿಪಿಯ ಒಳಗಿದ್ದ ಮೇರಿ

ಈಚಿನ ವರ್ಷಗಳಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಸುದ್ದಿ ಸ್ಕಾಟ್ಲೆಂಡಿನ ರಾಣಿ ಮೇರಿಯದು. ಮೊದಲು ಅವಳ ಬದುಕನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ.

ಹುಟ್ಟಿದ್ದು 1542ರ ಡಿಸೆಂಬರ್ 8ರಂದು. ಆರು ದಿನಕ್ಕೆ ಅಪ್ಪ ತೀರಿಕೊಂಡು ರಾಣಿಯಾದಳು. ಐದನೇ ವಯಸ್ಸಿಗೆ ಫ್ರಾನ್ಸಿಗೆ ಹೋಗಿ ಅಲ್ಲೇ ಬೆಳೆದು, ಅಲ್ಲಿನ ಯುವರಾಜನನ್ನು ಮದುವೆಯಾಗಿ, ಹದಿನೆಂಟು ತುಂಬುವ ಹೊತ್ತಿಗೆ ವಿಧವೆಯಾದಳು. 1561ರಲ್ಲಿ ಸ್ಕಾಟ್ಲೆಂಡಿಗೆ ವಾಪಸು. ಎರಡನೇ ಗಂಡ ಡಾರ್ನ್ಲಿ 1567ರಲ್ಲಿ ಕೊಲೆಯಾದ. ಕೊಲೆ ಮಾಡಿಸಿದವನೆಂದು ಊರೆಲ್ಲ ಬೆರಳು ತೋರಿದ ಬಾತ್‌ವೆಲ್ ಜೊತೆ ಮೂರೇ ತಿಂಗಳಲ್ಲಿ ಅವಳ ಮದುವೆ. ಸರದಾರರು ದಂಗೆಯೆದ್ದರು, ಬಲವಂತವಾಗಿ ಪಟ್ಟ ಬಿಡಿಸಿದರು. 1568ರಲ್ಲಿ ಇಂಗ್ಲೆಂಡಿಗೆ ಓಡಿ ಬಂದು ಸಂಬಂಧಿ ಎಲಿಜಬೆತ್ ರಾಣಿಯ ಆಶ್ರಯ ಬೇಡಿದಳು. ಸಿಕ್ಕಿದ್ದು ಸುಮಾರು ಹತ್ತೊಂಬತ್ತು ವರ್ಷದ ಸೆರೆ, 1587ರ ಫೆಬ್ರವರಿ 8ರಂದು ಫಾದರಿಂಗೇ ಕೋಟೆಯಲ್ಲಿ ಕೊಡಲಿ. ಇಬ್ಬರು ರಾಣಿಯರು ಒಮ್ಮೆಯೂ ಮುಖಾಮುಖಿ ಆಗಲಿಲ್ಲ. ಧಾರಾವಾಹಿಗಳಲ್ಲಿ ಮಾತ್ರ ಆಗುತ್ತಾರೆ.

ಸೆರೆಯಲ್ಲಿದ್ದವಳ ಪತ್ರಗಳನ್ನು ಕಾವಲಿನವರು ಒಡೆದು ಓದುತ್ತಿದ್ದರು. ಹಾಗಾಗಿ ಗುಟ್ಟಿನದನ್ನು ಗುಪ್ತಲಿಪಿಯಲ್ಲಿ ಬರೆಸಿ, ನಂಬಿಕಸ್ಥರ ಕೈಯಲ್ಲಿ ಕದ್ದು ಸಾಗಿಸಬೇಕಿತ್ತು. ಅಂಥ ಪತ್ರಗಳ ಒಂದು ಕಟ್ಟು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ನೂರಾರು ವರ್ಷ ಸುಮ್ಮನೆ ಬಿದ್ದಿತ್ತು. ಯಾರೂ ಯಾಕೆ ನೋಡಲಿಲ್ಲ ಅಂದರೆ, ಗ್ರಂಥಾಲಯದ ಪಟ್ಟಿಯಲ್ಲಿ ಅದು ಹದಿನಾರನೇ ಶತಮಾನದ ಮೊದಲರ್ಧದ್ದು, ಇಟಲಿಯ ವ್ಯವಹಾರಕ್ಕೆ ಸೇರಿದ್ದು ಎಂದು ನಮೂದಾಗಿತ್ತು. ಮೇರಿಯನ್ನು ಹುಡುಕುವವರು ಇಟಲಿಯ ಕಡತಕ್ಕೆ ಏಕೆ ಕೈಹಾಕುತ್ತಾರೆ?

ಕಟ್ಟು ಬಿಚ್ಚಿದವರು ಇತಿಹಾಸಕಾರರೇ ಅಲ್ಲ. ಕಂಪ್ಯೂಟರ್ ವಿಜ್ಞಾನಿ ಜಾರ್ಜ್ ಲಾಸ್ರಿ, ಸಂಗೀತ ಪ್ರಾಧ್ಯಾಪಕ ನಾರ್ಬರ್ಟ್ ಬೀರ್ಮನ್, ಭೌತವಿಜ್ಞಾನ ಓದಿದ ಸಾತೋಶಿ ತೊಮೊಕಿಯೊ. ಹಳೆಯ ಗುಪ್ತಲಿಪಿ ಬಿಡಿಸುವ ಗೀಳಿನ ಈ ಮೂವರು ಗ್ರಂಥಾಲಯ ಅಂತರ್ಜಾಲಕ್ಕೆ ಹಾಕಿದ್ದ ಚಿತ್ರಗಳಲ್ಲಿ ಈ ಪುಟಗಳನ್ನು ಕಂಡರು. ಯಾರ ಪತ್ರ, ಯಾವ ಭಾಷೆ, ಏನೂ ಗೊತ್ತಿರಲಿಲ್ಲ. ಪುಟದ ತುಂಬ ಬರೀ ಚಿಹ್ನೆಗಳು.

ಬೀಗ ತೆಗೆದ ಬಗೆ

ಅಕ್ಷರಕ್ಕೊಂದು ಚಿಹ್ನೆ ಇಟ್ಟ ಸರಳ ಗುಪ್ತಲಿಪಿಯನ್ನು ಒಡೆಯುವುದು ಕಷ್ಟವಲ್ಲ. ಪ್ರತಿ ಭಾಷೆಯಲ್ಲೂ ಕೆಲವು ಅಕ್ಷರ ಹೆಚ್ಚು ಸಲ ಬರುತ್ತವೆ. ಫ್ರೆಂಚಿನಲ್ಲಿ ‘ಇ’ ಎಲ್ಲಕ್ಕಿಂತ ಹೆಚ್ಚು. ಅತಿ ಹೆಚ್ಚು ಸಲ ಕಾಣುವ ಚಿಹ್ನೆಯನ್ನು ‘ಇ’ ಎಂದಿಟ್ಟುಕೊಂಡು ಶುರುಮಾಡಬಹುದು. ಇದು ಹದಿನಾರನೇ ಶತಮಾನದವರಿಗೂ ಗೊತ್ತಿದ್ದ ವಿದ್ಯೆ. ಆದ್ದರಿಂದ ಮೇರಿಯ ಕಾರ್ಯದರ್ಶಿಗಳು ಒಂದೇ ಅಕ್ಷರಕ್ಕೆ ಹಲವು ಚಿಹ್ನೆ ಇಟ್ಟಿದ್ದರು. ಎಣಿಸಿದರೆ ಯಾವುದೂ ಎದ್ದು ಕಾಣುವುದಿಲ್ಲ. ಜೊತೆಗೆ ಪದೇಪದೇ ಬರುವ ಪದ, ವ್ಯಕ್ತಿ, ಊರು, ತಿಂಗಳಿಗೆ ಬೇರೆಯೇ ಚಿಹ್ನೆ.

ಇಲ್ಲಿ ಕಂಪ್ಯೂಟರ್ ನೆರವಿಗೆ ಬಂತು. ಹಳೆಯ ರೇಡಿಯೋದಲ್ಲಿ ಸ್ಟೇಷನ್ ಹಿಡಿಯುವಾಗ ತಿರುಪನ್ನು ಚೂರು ತಿರುಗಿಸಿ ಕಿವಿಗೊಡುತ್ತೇವೆ. ದನಿ ತುಸು ತಿಳಿಯಾದರೆ ಅದೇ ಕಡೆ ಮುಂದೆ, ಗೊರಗೊರ ಹೆಚ್ಚಾದರೆ ಹಿಂದೆ. ಕಂಪ್ಯೂಟರ್ ಮಾಡಿದ್ದೂ ಅದನ್ನೇ. ಯಾವ ಚಿಹ್ನೆಗೆ ಯಾವ ಅಕ್ಷರ ಎಂದು ಒಂದು ಊಹೆ, ಬಂದ ಫಲ ಮಾತಿನ ಹಾಗಿದೆಯೇ ಎಂದು ತಾಳೆ, ಊಹೆಯಲ್ಲಿ ಚೂರು ಬದಲಾವಣೆ, ಮತ್ತೆ ತಾಳೆ. ಇಟಾಲಿಯನ್ ಎಂದುಕೊಂಡು ನೋಡಿದರು, ಹೊಂದಲಿಲ್ಲ. ಫ್ರೆಂಚ್ ಎಂದುಕೊಂಡಾಗ ತುಂಡುತುಂಡಾಗಿ ಮಾತು ಕೇಳಿಸತೊಡಗಿತು. ಅದಕ್ಕೂ ಮೊದಲು ಒಂದೂವರೆ ಲಕ್ಷಕ್ಕೂ ಹೆಚ್ಚು ಚಿಹ್ನೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಂಪ್ಯೂಟರಿಗೆ ಇಳಿಸಬೇಕಾಯಿತು. ಆ ಕೆಲಸಕ್ಕೆ ಮಾತ್ರ ಅಡ್ಡದಾರಿ ಇರಲಿಲ್ಲ.

ಓದುತ್ತಾ ಹೋದಂತೆ ಸುಳಿವುಗಳು ಕೂಡಿಬಂದವು. ಬರೆದವರು ತಮ್ಮ ಬಗ್ಗೆ ಬಳಸಿದ ರೂಪಗಳು ಫ್ರೆಂಚಿನ ಸ್ತ್ರೀಲಿಂಗದಲ್ಲಿದ್ದವು. ‘ನನ್ನ ಬಿಡುಗಡೆ’, ‘ನನ್ನ ಮಗ’ ಎಂಬ ಮಾತುಗಳಿದ್ದವು. ಆಮೇಲೆ ಒಂದು ಹೆಸರು: ವಾಲ್ಸಿಂಗಮ್. ಎಲಿಜಬೆತ್ ರಾಣಿಯ ಬೇಹುಗಾರರ ಮುಖ್ಯಸ್ಥ. ಸೆರೆಯಲ್ಲಿರುವ ಹೆಣ್ಣು, ಫ್ರೆಂಚ್ ಮಾತು, ದೂರದಲ್ಲಿರುವ ಮಗ, ವಾಲ್ಸಿಂಗಮ್ ಮೇಲಿನ ಸಿಟ್ಟು. ಇನ್ನು ಯಾರಾಗಿದ್ದಾಳು!

ಇದ್ದದ್ದು ಒಟ್ಟು 57 ಪತ್ರ. ಅವುಗಳಲ್ಲಿ 54 ಮೇರಿ ಲಂಡನ್ನಿನ ಫ್ರೆಂಚ್ ರಾಯಭಾರಿ ಕಸ್ತೆಲ್ನೋಗೆ 1578ರಿಂದ 1584ರ ನಡುವೆ ಬರೆಸಿದವು. ಎಲ್ಲ ಸೇರಿ ಸುಮಾರು 50,000 ಪದ. ಬಹುಪಾಲು ಪತ್ರಗಳು ಇತಿಹಾಸಕಾರರು ಕಂಡೇ ಇರದವು. ಸಂಶೋಧನೆ ಪ್ರಕಟವಾದದ್ದು 2023ರ ಫೆಬ್ರವರಿ 8ರಂದು, ಅವಳ ತಲೆ ಹೋಗಿ 436 ವರ್ಷ ತುಂಬಿದ ದಿನ.

ಪತ್ರದಲ್ಲೇನಿದೆ? ಆರೋಗ್ಯ ಸರಿಯಿಲ್ಲ, ಸೆರೆಯಲ್ಲಿ ಅನುಕೂಲ ಸಾಲದು ಎಂಬ ದೂರು. ಬಿಡುಗಡೆಗಾಗಿ ಎಲಿಜಬೆತ್ ಜೊತೆ ನಡೆಯುತ್ತಿದ್ದ ಮಾತುಕತೆ, ಆದರೆ ಅವರು ನಿಜವಾಗಿ ಬಿಡುತ್ತಾರೆಂಬ ನಂಬಿಕೆಯಿಲ್ಲ. ವಾಲ್ಸಿಂಗಮ್ ಮೋಸಗಾರ, ಎಲಿಜಬೆತ್‌ಗೆ ಆಪ್ತನಾದ ಸರದಾರ, ಲೆಸ್ಟರ್‌ನ ಅರ್ಲ್ ಕೂಡ ನಂಬುವಂಥವನಲ್ಲ. 1582ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನಲ್ಲಿ ಸರದಾರರ ಗುಂಪೊಂದು ಅವಳ ಹದಿನಾರರ ಮಗ ಜೇಮ್ಸ್‌ನನ್ನು ಹಿಡಿದಿಟ್ಟಿತು. ಆ ಸುದ್ದಿ ಮುಟ್ಟಿದ ಮೇಲಿನ ಪತ್ರಗಳಲ್ಲಿ ದುಗುಡ ತುಂಬಿದೆ. ಫ್ರಾನ್ಸ್ ನಮ್ಮಿಬ್ಬರನ್ನೂ ಕೈಬಿಟ್ಟಿತು ಎಂಬ ನೋವೂ ಇದೆ. ಪ್ರೇಮ, ಕೊಲೆ, ಕೊಡಲಿ ಎಂದು ನಾವು ಕೇಳಿದ ಮೇರಿಗಿಂತ ಈಕೆ ಬೇರೆ: ಸೆರೆಮನೆಯಲ್ಲಿ ಕೂತೇ ಎರಡು ಮೂರು ದೇಶದ ರಾಜಕೀಯದ ಎಳೆ ಹಿಡಿದವಳು, ಯಾರಿಗೆ ಎಷ್ಟು ಹೇಳಬೇಕೆಂಬ ಲೆಕ್ಕ ಬಲ್ಲವಳು.

ಒಂದು ವ್ಯಂಗ್ಯವನ್ನೂ ಹೇಳಬೇಕು. ಇವುಗಳಲ್ಲಿ ಕೆಲವು ಪತ್ರಗಳ ಬಿಡಿಸಿದ ಪ್ರತಿ ಇಂಗ್ಲೆಂಡಿನ ಸಂಗ್ರಹಗಳಲ್ಲಿ ಮೊದಲೇ ಇತ್ತು. ಫ್ರೆಂಚ್ ರಾಯಭಾರ ಕಚೇರಿಯೊಳಗೇ ವಾಲ್ಸಿಂಗಮ್ ಒಬ್ಬ ಗೂಢಚಾರನನ್ನು ಇಟ್ಟಿದ್ದ. ಅವನು ಅಂದು ಕದ್ದು ಕಳಿಸಿದ ನಕಲುಗಳ ಜೊತೆ ಹೋಲಿಸಿದ್ದರಿಂದಲೇ ಈ ಮೂವರು ತಮ್ಮ ಓದು ಸರಿ ಎಂದು ಸಾಬೀತು ಮಾಡಿದ್ದು.

ಮೂಲವೇ ಇಲ್ಲದಿದ್ದರೆ?

ಮೇರಿಯ ಹೆಸರಿನಲ್ಲಿರುವ ಎಲ್ಲ ಪತ್ರಕ್ಕೂ ಇಂಥ ಅದೃಷ್ಟವಿಲ್ಲ. ಬೆಳ್ಳಿಯ ಪೆಟ್ಟಿಗೆಯಲ್ಲಿ ಸಿಕ್ಕವೆಂದು 1567ರಲ್ಲಿ ಅವಳ ಶತ್ರುಗಳು ಹೇಳಿದ ಎಂಟು ಪತ್ರಗಳಿದ್ದವು. ಡಾರ್ನ್ಲಿಯ ಕೊಲೆಯಲ್ಲಿ ಅವಳ ಕೈವಾಡ ತೋರಿಸಲು ಅವೇ ಪುರಾವೆ. ಮೂಲಪತ್ರಗಳು 1584ರ ನಂತರ ಕಣ್ಮರೆ. ಈಗ ಇರುವುದು ನಕಲು, ಅನುವಾದ ಮಾತ್ರ. ಕೈಬರಹ ಹೋಲಿಸಲು ಮೂಲವಿಲ್ಲ, ಹಾಗಾಗಿ ಅವು ಅಸಲಿಯೋ, ತಿದ್ದಿದವೋ, ಪೂರ್ತಿ ಕಟ್ಟುಕಥೆಯೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ.

ಅವಳ ತಲೆ ತೆಗೆಸಿದ ಪತ್ರದ ಕಥೆಯೂ ಹೀಗೇ ತೊಡಕಿನದು. 1586ರ ಜುಲೈಯಲ್ಲಿ, ಎಲಿಜಬೆತ್‌ಳನ್ನು ಕೊಲ್ಲುವ ಸಂಚು ಹೂಡಿದ್ದ ಬ್ಯಾಬಿಂಗ್ಟನ್ ಎಂಬ ತರುಣನಿಗೆ ಮೇರಿಯ ಕಡೆಯಿಂದ ಉತ್ತರ ಹೋಯಿತು. ಪತ್ರಗಳು ಬಿಯರ್ ಪೀಪಾಯಿಯೊಳಗೆ ಅಡಗಿ ಸಾಗುತ್ತಿದ್ದವು. ಆ ದಾರಿಯನ್ನು ಮಾಡಿಕೊಟ್ಟಿದ್ದೇ ವಾಲ್ಸಿಂಗಮ್‌ನ ಕಡೆಯವರು ಎಂಬುದು ಅವಳಿಗೆ ತಿಳಿದಿರಲಿಲ್ಲ. ಉತ್ತರದ ಒಕ್ಕಣೆಯನ್ನು ಫ್ರೆಂಚಿನಲ್ಲಿ ಸಿದ್ಧಮಾಡಿದವನು ಕಾರ್ಯದರ್ಶಿ ನೋ, ಇಂಗ್ಲಿಷಿಗೆ ತಿರುಗಿಸಿ ಗುಪ್ತಲಿಪಿಗೆ ಹಾಕಿದವನು ಇನ್ನೊಬ್ಬ ಕಾರ್ಯದರ್ಶಿ ಕರ್ಲ್. ದಾರಿಯಲ್ಲಿ ಅದನ್ನು ಬಿಡಿಸಿದ ವಾಲ್ಸಿಂಗಮ್‌ನ ತಜ್ಞ ಫೆಲಿಪ್ಸ್, ಸಂಚುಕೋರರ ಹೆಸರು ಕೇಳುವ ಒಂದು ಒಕ್ಕಣೆಯನ್ನು ಅದೇ ಗುಪ್ತಲಿಪಿಯಲ್ಲಿ ತಾನೇ ಕೆಳಗೆ ಸೇರಿಸಿ ಮುಂದೆ ಕಳಿಸಿದ. ಒಂದು ಪತ್ರ, ಮೂರು ಕೈ. ಮೇರಿಯ ಕೈ ಅದರಲ್ಲಿಲ್ಲ.

ಅವಳದೇ ಕೈಬರಹದ ಕೊನೆಯ ಪತ್ರ ಮಾತ್ರ ಇದೆ, ಎಡಿನ್‌ಬರೋದ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಮೊದಲ ಗಂಡನ ತಮ್ಮ, ಫ್ರಾನ್ಸಿನ ರಾಜ ಮೂರನೇ ಹೆನ್ರಿಗೆ ಬರೆದದ್ದು. ಬೆಳಿಗ್ಗೆ ಎಂಟಕ್ಕೆ ತನ್ನ ತಲೆ ತೆಗೆಯುತ್ತಾರೆ ಎಂಬ ಸುದ್ದಿ, ತನ್ನ ಆಳುಕಾಳುಗಳ ಬಾಕಿ ಸಂಬಳ ಕೊಡಿಸಿ ಎಂಬ ಕೋರಿಕೆ ಅದರಲ್ಲಿವೆ. ಬರೆದ ಹೊತ್ತನ್ನೂ ನಮೂದಿಸಿದ್ದಾಳೆ: ನಡುರಾತ್ರಿ ಕಳೆದು ಎರಡು ಗಂಟೆ.

ಕಪ್ಪು ಶಾಯಿಯ ಕೆಳಗೆ

ಫ್ರಾನ್ಸಿನ ರಾಣಿ ಮರಿ ಅಂತ್ವಾನೆತ್ ಬಗ್ಗೆ ಎಲ್ಲರೂ ಕೇಳಿದ ಮಾತೊಂದಿದೆ: ಬಡವರಿಗೆ ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ. ಅವಳು ಹೀಗಂದಳು ಎನ್ನಲು ಆಧಾರವಿಲ್ಲ. ಚಿಂತಕ ರೂಸೋ ತನ್ನ ಆತ್ಮಕಥೆಯಲ್ಲಿ ಹೆಸರು ಹೇಳದೆ ‘ಒಬ್ಬ ದೊಡ್ಡ ರಾಜಕುಮಾರಿ’ಯ ಬಾಯಲ್ಲಿ ಇಂಥದೇ ಮಾತು ಇಟ್ಟಿದ್ದಾನೆ. ಆ ಭಾಗ ಬರೆಯುವಾಗ 1755ರಲ್ಲಿ ಹುಟ್ಟಿದ ಅಂತ್ವಾನೆತ್ ಇನ್ನೂ ವಿಯೆನ್ನಾದ ಅರಮನೆಯಲ್ಲಿದ್ದ ಹುಡುಗಿ. ಸುಲಭದ ಪ್ರಕರಣ, ವರ್ಷ ತಾಳೆ ನೋಡಿದರೆ ಸಾಕು.

ಅವಳ ಪತ್ರಗಳದ್ದು ಅಷ್ಟು ಸುಲಭವಲ್ಲ. ಮಹಾಕ್ರಾಂತಿಯ ಹೊತ್ತಿನಲ್ಲಿ, 1791ರ ಜೂನ್‌ನಿಂದ 1792ರ ಆಗಸ್ಟ್ ತನಕ, ಅವಳೂ ಸ್ವೀಡನ್ನಿನ ಕೌಂಟ್ ಫೆರ್ಸನ್ನನೂ ಗುಟ್ಟಾಗಿ ಬರೆದುಕೊಂಡ ಪತ್ರಗಳು ಪ್ಯಾರಿಸ್ಸಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಲ್ಲಲ್ಲಿ ಸಾಲುಗಳ ಮೇಲೆ ದಟ್ಟವಾಗಿ ಗೀಚಿ ಮುಚ್ಚಲಾಗಿದೆ.

ಬಿಡಿಸಲು ಸಹಾಯವಾದದ್ದು ಶಾಯಿಯ ಪಾಕ. ಆ ಕಾಲದ ಶಾಯಿಗೆ ಮುಖ್ಯವಾಗಿ ಎರಡು ಸಾಮಾನು: ಓಕ್ ಮರದ ಮೇಲೆ ಹುಳು ಕಚ್ಚಿ ಆಗುವ ಗಂಟು, ಕಬ್ಬಿಣದ ಸಲ್ಫೇಟ್. ಎರಡೂ ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವಂಥವೇ. ಮೊದಲನೆಯದು ಬಾಣಂತಿ ಮದ್ದಿನ ಮಾಚಿಕಾಯಿ, ಎರಡನೆಯದು ಅನ್ನಭೇದಿ. ಈ ಅನ್ನಭೇದಿ ಶುದ್ಧವಾಗಿರುವುದಿಲ್ಲ, ತಾಮ್ರ, ಸತುವು ಬೆರೆತಿರುತ್ತದೆ, ಆ ಬೆರಕೆ ಒಂದು ಶಾಯಿಯಿಂದ ಇನ್ನೊಂದಕ್ಕೆ ಬೇರೆ. ಪುಟದ ಮೇಲೆ ಎಕ್ಸ್-ರೇ ಬಿಟ್ಟರೆ ಪ್ರತಿ ಲೋಹವೂ ತನ್ನದೇ ರೀತಿ ಹೊಳೆಯುತ್ತದೆ. ಕಬ್ಬಿಣಕ್ಕೆ ತಾಮ್ರ ಎಷ್ಟು, ಸತುವು ಎಷ್ಟು ಎಂದು ಚುಕ್ಕಿ ಚುಕ್ಕಿಗೆ ಅಳೆದು ನಕ್ಷೆ ಮಾಡಿದಾಗ ಮೇಲಿನ ಗೀಚು ಒಂದು ಕಡೆ, ಕೆಳಗಿನ ಅಕ್ಷರ ಒಂದು ಕಡೆ ಬೇರ್ಪಟ್ಟವು. 2021ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ನೋಡಿದ 15 ಪತ್ರಗಳಲ್ಲಿ 8ನ್ನು ಹೀಗೆ ಓದಲು ಸಾಧ್ಯವಾಯಿತು. ಉಳಿದವುಗಳಲ್ಲಿ ಎರಡೂ ಶಾಯಿಯ ಪಾಕ ತೀರಾ ಹತ್ತಿರ.

ಕೆಳಗೆ ಸಿಕ್ಕಿದ್ದು ರಾಜ್ಯರಹಸ್ಯವಲ್ಲ. ‘ಪ್ರಿಯ’, ‘ಆಪ್ತ’, ‘ಆರಾಧಿಸುತ್ತೇನೆ’ ಎಂಬ ಬಗೆಯ ಮಾತುಗಳು. ಗೀಚಿದವರು ಯಾರು? ಫೆರ್ಸನ್ನನ ಮನೆತನದ ಮುಂದಿನ ತಲೆಮಾರಿನವರು ಮಾನ ಕಾಪಾಡಲು ಮಾಡಿರಬೇಕು ಎಂದು ಬಹುಕಾಲ ನಂಬಿದ್ದರು. ಆದರೆ ಗೀಚಿದ ಶಾಯಿಯೂ ಫೆರ್ಸನ್ ತಾನು ಪತ್ರ ಬರೆದ ಶಾಯಿಯೂ ಹೊಂದಿಕೊಂಡವು. ಗೀಚಿದವನು ಅವನೇ! ಇನ್ನೂ ಒಂದು ಹೊರಬಿತ್ತು: ರಾಣಿಯ ಕೈಯ ಮೂಲಪತ್ರ ಎಂದುಕೊಂಡಿದ್ದ ಕೆಲವು ಫೆರ್ಸನ್ ಮಾಡಿಟ್ಟುಕೊಂಡ ನಕಲುಗಳು.

ಕಾಗದವೇ ಉಳಿಯದಿದ್ದರೆ, ಹಲ್ಲು

ಎಡ್‌ಗಿತ್ ಎಂಬ ಇಂಗ್ಲಿಷ್ ರಾಜಕುಮಾರಿಯನ್ನು ಅವಳ ಮಲಅಣ್ಣ, ದೊರೆ ಎಥೆಲ್‌ಸ್ಟನ್, 929ರ ಸುಮಾರಿಗೆ ಜರ್ಮನಿಗೆ ಕಳಿಸಿದ. ಅಲ್ಲಿನ ರಾಜಕುಮಾರ ಒಟ್ಟೊನನ್ನು ಮದುವೆಯಾದಳು, 946ರಲ್ಲಿ ತೀರಿಕೊಂಡಳು. 2008ರಲ್ಲಿ ಮಾಗ್ಡೆಬುರ್ಗ್ ಕೆಥೆಡ್ರಲ್‌ನ ಸಮಾಧಿಯೊಳಗೆ ಅವಳ ಹೆಸರು ಕೊರೆದ ಸೀಸದ ಪೆಟ್ಟಿಗೆ, ಅದರಲ್ಲಿ ಮೂಳೆಗಳು ಸಿಕ್ಕವು. ಆದರೆ ಮೂಳೆಗಳನ್ನು 1510ರಲ್ಲಿ ಎತ್ತಿ ಮರಳಿ ಇಟ್ಟದ್ದು ಎಂದು ಅದೇ ಬರಹ ಹೇಳುತ್ತಿತ್ತು. ಅವಳದೇ ಎಂದು ಏನು ಗ್ಯಾರಂಟಿ?

ಹಲ್ಲಿನ ಎನಾಮೆಲ್ ಬಾಲ್ಯದಲ್ಲಿ ಬೆಳೆಯುತ್ತದೆ, ಆಮೇಲೆ ಬದಲಾಗುವುದಿಲ್ಲ. ಕುಡಿದ ನೀರು, ತಿಂದ ಕಾಳಿನ ಮೂಲಕ ಆ ಊರಿನ ನೆಲದ ಸ್ಟ್ರಾಂಷಿಯಂ ಎಂಬ ಲೋಹದ ಅಂಶ ಅದರಲ್ಲಿ ಸೇರಿರುತ್ತದೆ. ಬೇರೆ ಬೇರೆ ಬಂಡೆಯ ನೆಲಕ್ಕೆ ಸ್ಟ್ರಾಂಷಿಯಂನ ಬಗೆಗಳ ಪ್ರಮಾಣ ಬೇರೆ ಬೇರೆ. ಬ್ರಿಸ್ಟಲ್‌ನ ವಿಜ್ಞಾನಿಗಳು ಈ ಹಲ್ಲುಗಳನ್ನು ಪದರ ಪದರವಾಗಿ ಅಳೆದಾಗ ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ನೆಲ ಸಿಕ್ಕಿತು, ಜರ್ಮನಿಯಲ್ಲ. ಎಳವೆಯಲ್ಲಿ ಪದೇಪದೇ ಊರು ಬದಲಿಸಿದ ಗುರುತೂ ಇತ್ತು. ಅರಮನೆ ಪರಿವಾರದ ಜೊತೆ ಸುತ್ತುವ ಹುಡುಗಿಗೆ ಅದು ಸಹಜ. 2010ರಲ್ಲಿ ಗುರುತು ಖಚಿತಪಡಿಸಿ, ಮೂಳೆಗಳನ್ನು ಮತ್ತೆ ಅಲ್ಲೇ ಮಣ್ಣು ಮಾಡಿದರು.

ನೀವೇ ಹುಡುಕಲು ಹೊರಟರೆ

ಇಂಗ್ಲೆಂಡಿನ ಹಳೆಯ ಸರ್ಕಾರಿ ಕಾಗದಗಳ ಸಾರಾಂಶ ‘ಬ್ರಿಟಿಷ್ ಹಿಸ್ಟರಿ ಆನ್‌ಲೈನ್’ ತಾಣದಲ್ಲಿದೆ, ಫ್ರೆಂಚ್ ಗ್ರಂಥಾಲಯದ ಹಸ್ತಪ್ರತಿಗಳು ‘ಗ್ಯಾಲಿಕಾ’ದಲ್ಲಿ. ಎರಡನ್ನೂ ಮನೆಯಲ್ಲಿ ಕೂತೇ ತೆರೆಯಬಹುದು.

ಆದರೆ ತಾರೀಖಿನ ಬಗ್ಗೆ ಎಚ್ಚರ. ಪೋಪ್ ಗ್ರೆಗರಿಯ ಹೊಸ ಪಂಚಾಂಗವನ್ನು ಸ್ಪೇನ್, ಫ್ರಾನ್ಸ್ ಮುಂತಾದ ಕ್ಯಾಥೊಲಿಕ್ ದೇಶಗಳು 1582ರಲ್ಲೇ ಒಪ್ಪಿಕೊಂಡವು. ಇಂಗ್ಲೆಂಡ್ ಒಪ್ಪಿದ್ದು 1752ರಲ್ಲಿ. ಸಾಲದ್ದಕ್ಕೆ ಅಲ್ಲಿಯವರೆಗೆ ಇಂಗ್ಲೆಂಡಿನ ಕಡತಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹೀಗಾಗಿ ಮೇರಿ ಸತ್ತ ದಿನ ಇಂಗ್ಲಿಷ್ ಕಾಗದದಲ್ಲಿ 1586ರ ಫೆಬ್ರವರಿ 8, ಫ್ರೆಂಚ್ ಕಾಗದದಲ್ಲಿ 1587ರ ಫೆಬ್ರವರಿ 18, ಇಂದಿನ ಪುಸ್ತಕಗಳಲ್ಲಿ 1587ರ ಫೆಬ್ರವರಿ 8. ಮೂರೂ ಒಂದೇ ದಿನ.

ಕನ್ನಡದವರಿಗೆ ಹತ್ತಿರದ ಒಂದು ಎಳೆ ವಿಕ್ಟೋರಿಯಾ ರಾಣಿಯ ದಿನಚರಿಯಲ್ಲಿದೆ. ಹದಿಮೂರನೇ ವಯಸ್ಸಿನಿಂದ, 1832ರಿಂದ, 1901ರಲ್ಲಿ ಸಾಯುವ ಕೆಲವೇ ದಿನ ಮುಂಚಿನವರೆಗೆ ಅವಳು ದಿನಚರಿ ಬರೆದಳು. 2012ರಲ್ಲಿ ಅದನ್ನು ಅಂತರ್ಜಾಲಕ್ಕೆ ಹಾಕಿದರು. ಕೊಡಗಿನ ಪದಚ್ಯುತ ರಾಜ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಆ ವರ್ಷವೇ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ದಿನಚರಿಯಲ್ಲಿ ಗೌರಮ್ಮನ ಪ್ರಸ್ತಾಪ ಬರುತ್ತದೆ.

ಓದುವ ಮೊದಲು ಒಂದು ಸಂಗತಿ ತಿಳಿದಿರಬೇಕು. ವಿಕ್ಟೋರಿಯಾ ಸತ್ತ ಮೇಲೆ ಕಿರಿಮಗಳು ಬಿಯಾಟ್ರಿಸ್, ತಾಯಿಯ ಇಚ್ಛೆಯಂತೆ, ದಿನಚರಿಯನ್ನು ತನ್ನ ಕೈಯಲ್ಲಿ ನಕಲು ಮಾಡುತ್ತಾ, ಬೇಡವೆನಿಸಿದ್ದನ್ನು ಬಿಡುತ್ತಾ, ಮೂಲವನ್ನು ಬೆಂಕಿಗೆ ಹಾಕುತ್ತಾ ಹೋದಳು. ಅದಕ್ಕೆ ಮುಂಚೆ ಲಾರ್ಡ್ ಈಷರ್ ಎಂಬವನು ಮೂಲದಿಂದಲೇ ಒಂದು ಭಾಗವನ್ನು ಟೈಪ್ ಮಾಡಿಸಿಟ್ಟಿದ್ದ. ಎರಡನ್ನೂ ಹೋಲಿಸಿದರೆ ಬಿಯಾಟ್ರಿಸ್ ಏನೇನು ಕೈಬಿಟ್ಟಳೆಂದು ಕಾಣುತ್ತದೆ. ಆದರೆ ಈಷರ್ ಪ್ರತಿ 1840ಕ್ಕೆ ನಿಂತುಹೋಗುತ್ತದೆ, ಗೌರಮ್ಮ ಇಂಗ್ಲೆಂಡಿಗೆ ಕಾಲಿಡುವ ಹನ್ನೆರಡು ವರ್ಷ ಮೊದಲೇ. ಅವಳ ಬಗ್ಗೆ ವಿಕ್ಟೋರಿಯಾ ಬರೆದದ್ದೆಂದು ಇಂದು ಆ ದಿನಚರಿಯಲ್ಲಿ ಓದಲು ಸಿಗುವ ಸಾಲುಗಳೆಲ್ಲ ಬಿಯಾಟ್ರಿಸ್ ಕೈಬರಹದವು.